ಫಿಲ್ಟರ್ ಹಾಕಿದರೂ ಹೋಗದ ಆರ್ಸೆನಿಕ್

ಆದೋನಿ ಹತ್ತಿರದ ನಮ್ಮ ಹೊಲದ ಮನೆಯ ಬೋರ್‌ ನೀರಲ್ಲಿ ಲೀಟರಿಗೆ 38 ಮೈಕ್ರೋಗ್ರಾಂ ಆರ್ಸೆನಿಕ್ ಅಂತ ವರದಿ ಬಂತು. ಮಿತಿ ಬರೀ 10. ಕುದಿಸಿದರಾಯ್ತು ಅಂದಳು ಅವ್ವ. ಕುದಿಸಿದರೆ ನೀರಷ್ಟೇ ಆವಿಯಾಗಿ ವಿಷ ಇನ್ನೂ ಜಾಸ್ತಿ ಆಗುತ್ತದೆ ಅಲ್ವಾ!

ಫೆರಿಕ್ ಹೈಡ್ರಾಕ್ಸೈಡ್ ಅನ್ನೋ ಕಬ್ಬಿಣದ ಸಂಯುಕ್ತದ ಹರಳು ತುಂಬಿದ ಫಿಲ್ಟರ್ ಕೂರಿಸಿದೆ. ಆದರೂ 24. ಅಂಗಡಿಯವನನ್ನು ಸುಮ್ನೆ ಬೈದೆ, ತಪ್ಪು ನನ್ನದೇ. ಗಾಳಿ ತಾಕದ ಆಳದ ನೀರಲ್ಲಿ ಆರ್ಸೆನಿಕ್ ಹೆಚ್ಚಾಗಿ ಆರ್ಸೆನೈಟ್ ಅನ್ನೋ ರೂಪದಲ್ಲಿರುತ್ತದೆ. ಅದಕ್ಕೆ ವಿದ್ಯುತ್ ಆವೇಶ ಇರುವುದಿಲ್ಲ, ಹಾಗಾಗಿ ಕಬ್ಬಿಣಕ್ಕೆ ಸರಿಯಾಗಿ ಅಂಟುವುದಿಲ್ಲ. ಕ್ಲೋರಿನ್ ಬೆರೆತರೆ ಅದೇ ಆವೇಶವಿರುವ ಆರ್ಸೆನೇಟ್ ರೂಪಕ್ಕೆ ತಿರುಗುತ್ತದೆ, ಗಟ್ಟಿಯಾಗಿ ಅಂಟುತ್ತದೆ.

ಮೇಲಿನ ಟ್ಯಾಂಕಿಗೆ ಅಳತೆ ನೋಡಿ ಕ್ಲೋರಿನ್ ಹಾಕಿದೆ. ಅರ್ಧ ಗಂಟೆ ಬಿಟ್ಟು ನಲ್ಲಿಯನ್ನು ಸಣ್ಣಗೆ ತಿರುಗಿಸಿದೆ. ಈ ಸಲ 6 ಬಂತು. ಹಳೇ ಹರಳನ್ನು ಮಾತ್ರ ಹಿತ್ತಲಿಗೆ ಸುರಿಯಬೇಡಿ, ವಿಷವೆಲ್ಲ ಅದರಲ್ಲೇ ಇರುತ್ತದೆ.