ಬಣ್ಣ ಕೊನೆಗೆ: ಹಕ್ಕಿಗಳನ್ನು ಗುರುತಿಸಲು ನಾನು ಕಲಿತ ಬಗೆ

ಹಕ್ಕಿ ನೋಡುವ ಅಭ್ಯಾಸ ಹಿಡಿದ ಎರಡನೆಯ ವರ್ಷದ ಬೇಸಿಗೆಯಲ್ಲಿ ಮನೆಯ ಹಿಂದಿನ ಸೀಬೆ ಗಿಡದಲ್ಲಿ ನನಗೆ ಪರಿಚಯವಿಲ್ಲದ ಹಕ್ಕಿಯೊಂದು ಕಾಣಿಸಿತು. ಬೆನ್ನು ಕಂದು, ಹೊಟ್ಟೆ ಬಿಳಿ, ತಲೆಯ ಮೇಲೆ ಮೋಟು ಜುಟ್ಟು, ಬಾಲದ ಬುಡದಲ್ಲಿ ಮಾಸಿದ ಕಿತ್ತಳೆ ಬಣ್ಣ. ಕೆನ್ನೆಯ ಮೇಲೆ ಯಾವ ಗುರುತೂ ಇರಲಿಲ್ಲ. ಎರಡು ದಿನ ಸಂಜೆಯ ಹೊತ್ತು ಕೈಪಿಡಿಯ ಪುಟಗಳನ್ನು ತಿರುವಿ ಹಾಕಿ, ಅಂಥ ಬಣ್ಣದ ಚಿತ್ರ ಎಲ್ಲಿಯೂ ಸಿಗದೆ, ನನ್ನ ಪಟ್ಟಿಗೆ ಅಪರೂಪದ ಅತಿಥಿಯೊಂದು ಸೇರಿತು ಎಂದೇ ನಂಬಿದ್ದೆ. ಮೂರನೆಯ ಬೆಳಿಗ್ಗೆ ಅದೇ ರೆಂಬೆಗೆ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದ ಕೆಮ್ಮೀಸೆ ಪಿಕಳಾರವೊಂದು ಬಂದು ಕುಳಿತಿತು. ನನ್ನ ಅಪರೂಪದ ಅತಿಥಿ ಮೈ ಕುಗ್ಗಿಸಿ, ರೆಕ್ಕೆಗಳನ್ನು ಪಟಪಟನೆ ನಡುಗಿಸಿ, ಬಾಯಿ ಅಗಲಿಸಿತು. ತಾಯಿಯೋ ತಂದೆಯೋ ಹುಳುವನ್ನು ಅದರ ಗಂಟಲಿಗೆ ತುರುಕಿ ಹಾರಿಹೋಯಿತು. ಅದು ಗೂಡು ಬಿಟ್ಟು ಹೆಚ್ಚು ದಿನವಾಗದ ಪಿಕಳಾರದ ಮರಿ. ಕೆನ್ನೆಯ ಕೆಂಪು ಮಚ್ಚೆ ಆ ವಯಸ್ಸಿನಲ್ಲಿ ಮೂಡಿರುವುದಿಲ್ಲ, ಬಾಲದಡಿಯ ಗಾಢ ಕೆಂಪೂ ಆಮೇಲೆಯೇ ಬರುವುದು.

ಆ ದಿನ ನನ್ನ ತಪ್ಪು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಜುಟ್ಟು, ನೀಳವಾದ ಬಾಲ, ರೆಂಬೆಯ ಮೇಲೆ ನೆಟ್ಟಗೆ ಕೂರುವ ರೀತಿ, ಎಲ್ಲವೂ ಪಿಕಳಾರವೆಂದೇ ಹೇಳುತ್ತಿದ್ದರೂ ನಾನು ಕೆನ್ನೆಯ ಬಣ್ಣವೊಂದನ್ನೇ ಹುಡುಕುತ್ತಿದ್ದೆ. ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬಣ್ಣಕ್ಕೆ ಕೊನೆಯ ಸಾಲನ್ನು ಮೀಸಲಿಟ್ಟಿದ್ದೇನೆ.

ಬಣ್ಣವನ್ನು ನಂಬಬಾರದೆಂದಲ್ಲ, ಮೊದಲಿಗೇ ನಂಬಬಾರದು ಎನ್ನುತ್ತೇನೆ. ಗಂಡು ಕೋಗಿಲೆ ಕಪ್ಪು, ಹೆಣ್ಣು ಮೈತುಂಬ ಬಿಳಿ ಚುಕ್ಕೆಗಳಿರುವ ಕಂದು. ಎರಡಕ್ಕೂ ಇರುವ ಕೆಂಪು ಕಣ್ಣು ಮತ್ತು ಉದ್ದ ಬಾಲವನ್ನು ಗಮನಿಸದವರು ಅವುಗಳನ್ನು ಒಂದೇ ಜಾತಿಯೆಂದು ಒಪ್ಪುವುದೇ ಕಷ್ಟ. ಊದಾ ಸೂರಕ್ಕಿಯ ಗಂಡು, ಮರಿ ಮಾಡುವ ಕಾಲದಲ್ಲಿ, ಹೊಳೆಯುವ ಕಡು ಊದಾ ಬಣ್ಣದಲ್ಲಿರುತ್ತದೆ, ಆ ಕಾಲ ಮುಗಿದ ಮೇಲೆ ಹೆಣ್ಣಿನ ಹಾಗೆ ಹಳದಿಗೆ ತಿರುಗಿ, ಗಂಟಲಿನಿಂದ ಎದೆಯ ನಡುವೆ ಇಳಿಯುವ ಕಪ್ಪು ಪಟ್ಟಿಯೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನೀರಂಚಿನಲ್ಲಿ ಕೆಸರಿನ ಬಣ್ಣದಲ್ಲೇ ಕರಗಿ ನಿಂತಿರುವ ಕೊಳದ ಬಕವು ಹಾರಿದ ಕ್ಷಣದಲ್ಲಿ ಬಿಳಿಯ ರೆಕ್ಕೆ ಬಿಚ್ಚಿ ಬೇರೆಯೇ ಹಕ್ಕಿಯಾಗುತ್ತದೆ. ಇದರ ಮೇಲೆ ಬೆಳಕಿನ ಕಾಟ ಬೇರೆ: ಆಕಾಶವನ್ನು ಬೆನ್ನಿಗಿಟ್ಟುಕೊಂಡು ಕುಳಿತ ಯಾವ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಲ್ಲುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಈಗ ನಾನು ಮೊದಲು ನೋಡುವುದು ಗಾತ್ರವನ್ನು. ಸೆಂಟಿಮೀಟರಿನ ಲೆಕ್ಕ ಕಣ್ಣಿಗೆ ನಿಲುಕದು. ಗುಬ್ಬಚ್ಚಿ, ಗೊರವಂಕ, ಪಾರಿವಾಳ, ಕಾಗೆ, ಈ ನಾಲ್ಕನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಸಾಕು. ‘ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು’ ಎಂದು ಬರೆದುಕೊಂಡ ಕೂಡಲೇ ಕೈಪಿಡಿಯ ಬಹುಪಾಲು ಪುಟಗಳನ್ನು ಬದಿಗಿಡಬಹುದು. ಅನಂತರ ಕೊಕ್ಕು. ಕಾಳು ಒಡೆಯುವ ಹಕ್ಕಿಗೆ ದಪ್ಪನೆಯ ಮೋಟು ಕೊಕ್ಕು, ಕೀಟ ಹೆಕ್ಕುವುದಕ್ಕೆ ಸಪೂರವಾದದ್ದು, ಮಕರಂದ ಹೀರುವುದಕ್ಕೆ ಬಾಗಿದ ಸೂಜಿಯಂಥದು, ಮಾಂಸ ಹರಿಯುವುದಕ್ಕೆ ಕೊಕ್ಕೆಯಂಥದು. ಹಕ್ಕಿ ಏನು ತಿಂದು ಬದುಕುತ್ತದೆ ಎಂಬುದು ತಿಳಿದರೆ ಅದರ ಕುಟುಂಬ ಬಹುಮಟ್ಟಿಗೆ ತಿಳಿದಂತೆಯೇ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಹಕ್ಕಿಯ ನಡೆ. ಮಡಿವಾಳ ಹಕ್ಕಿ ನೆಲದ ಮೇಲೆ ಕುಪ್ಪಳಿಸಿ ನಿಂತಾಗ ಬಾಲವನ್ನು ಬೆನ್ನಿನ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಸಿಪಿಲೆ ಕುಪ್ಪಳಿಸದೆ ಬಿರಬಿರನೆ ನಡೆಯುತ್ತದೆ, ನಿಂತಲ್ಲಿ ಬಾಲವನ್ನು ಎಡೆಬಿಡದೆ ಮೇಲೆ ಕೆಳಗೆ ಆಡಿಸುತ್ತದೆ. ಎರಡರಲ್ಲೂ ಕಪ್ಪು ಬಿಳುಪು ಇರಬಹುದು, ಆದರೆ ನೂರು ಹೆಜ್ಜೆ ದೂರದಿಂದಲೂ ಬಾಲವೊಂದನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ. ಕಾಜಾಣ ಬೋಳು ಕೊಂಬೆಯಿಂದಲೋ ತಂತಿಯಿಂದಲೋ ಜಿಗಿದು, ಗಾಳಿಯಲ್ಲಿಯೇ ಕೀಟವನ್ನು ಹಿಡಿದು, ಒಂದು ಸುತ್ತು ಹಾಕಿ ಅದೇ ಜಾಗಕ್ಕೆ ಮರಳುತ್ತದೆ. ಗುರುತು ಸಿಗದ ಹಕ್ಕಿಯನ್ನು ಕಂಡಾಗ ಕನಿಷ್ಠ ಎರಡು ನಿಮಿಷ ಪುಸ್ತಕವನ್ನೂ ಮೊಬೈಲನ್ನೂ ಮುಟ್ಟದೆ ನೋಡುತ್ತಲೇ ಇರಬೇಕು ಎಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಪುಸ್ತಕ ಮನೆಯಲ್ಲಿಯೇ ಇರುತ್ತದೆ, ಹಕ್ಕಿ ಇರುವುದಿಲ್ಲ.

ದುರ್ಬೀನಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಾನು ಬಳಸುವುದು 8×42 ಎಂದು ಬರೆದಿರುವುದನ್ನು. ಅಂದರೆ ದೃಶ್ಯವನ್ನು ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿಲಿಮೀಟರ್ ವ್ಯಾಸವಿರುವ ದುರ್ಬೀನು. ಹತ್ತು ಪಟ್ಟಿನದರಲ್ಲಿ ಹಕ್ಕಿಯ ಜೊತೆಗೆ ಕೈಯ ನಡುಕವೂ ಹಿಗ್ಗುತ್ತದೆ, ಕಾಣುವ ಆವರಣವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಬಲಗಣ್ಣಿನ ಬಳಿಯಿರುವ ಸಣ್ಣ ಬಳೆಯನ್ನು ತಮ್ಮ ದೃಷ್ಟಿಗೆ ಒಮ್ಮೆ ಹೊಂದಿಸಿಕೊಳ್ಳದೆ ವರ್ಷಗಟ್ಟಲೆ ಮಸುಕಾಗಿ ನೋಡುವವರು ಅನೇಕರು. ಮೊದಲು ಎಡಗಣ್ಣೊಂದರಿಂದ ನೋಡುತ್ತ ನಡುವಿನ ಚಕ್ರವನ್ನೂ, ಆಮೇಲೆ ಬಲಗಣ್ಣೊಂದರಿಂದ ನೋಡುತ್ತ ಆ ಬಳೆಯನ್ನೂ ತಿರುಗಿಸಿ ಹೊಂದಿಸಿಕೊಂಡರೆ ಆಯಿತು. ಹಕ್ಕಿಯ ಮೇಲೆ ನೆಟ್ಟ ನೋಟವನ್ನು ಕದಲಿಸದೆ ದುರ್ಬೀನನ್ನೇ ಕಣ್ಣಿನ ಬಳಿಗೆ ತರುವುದನ್ನು ಮಾತ್ರ ದಿನವೂ ಅಭ್ಯಾಸ ಮಾಡಬೇಕು. ನಾನು ಎದುರು ಮನೆಯ ಆಂಟೆನಾ ಮೇಲೆ ಕೂರುತ್ತಿದ್ದ ಪಾರಿವಾಳಗಳ ಮೇಲೆ ಅಭ್ಯಾಸ ಮಾಡಿದೆ.

ಕಿವಿಗೆ ಕೆಲಸ ಕೊಡಲು ನಾನು ಬಹಳ ತಡ ಮಾಡಿದೆ, ಅದರ ಬಗ್ಗೆ ಈಗಲೂ ಬೇಸರವಿದೆ. ಎಲೆಗಳ ಮರೆಯಲ್ಲಿ ಹಸಿರು ಮೈಯ ಕುಟ್ರುಹಕ್ಕಿಯನ್ನು ಕಣ್ಣಿನಿಂದ ಹುಡುಕುವುದು ಸುಲಭವಲ್ಲ, ಆದರೆ ‘ಕುಟ್ರೂ ಕುಟ್ರೂ’ ಎಂದು ಅದು ತನ್ನ ಹೆಸರನ್ನು ತಾನೇ ಹೇಳುತ್ತಿರುತ್ತದೆ. ಅದರ ಚಿಕ್ಕ ಬಂಧು ಕಂಚುಕುಟಿಗ ತಗಡನ್ನು ಬಡಿದಂತೆ ‘ಟುಕ್ ಟುಕ್ ಟುಕ್’ ಎಂದು ಒಂದೇ ಲಯದಲ್ಲಿ ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಒಮ್ಮೆ ಈ ಮರದಿಂದ, ಇನ್ನೊಮ್ಮೆ ಆ ಮರದಿಂದ ಬಂದಂತೆ ಕೇಳುತ್ತದೆ. ಎತ್ತರದ ಒಣ ಕೊಂಬೆಯ ತುದಿಯನ್ನು ನೋಡಿದರೆ ಸಾಮಾನ್ಯವಾಗಿ ಅಲ್ಲಿಯೇ ಗಂಟಲು ಉಬ್ಬಿಸಿಕೊಂಡು ಕುಳಿತಿರುತ್ತದೆ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು, ಅದರಿಂದಾಗಿಯೇ ಅತಿ ಹೆಚ್ಚು ಪ್ರೀತಿಪಾತ್ರವಾದದ್ದು, ಹಸುರು ಉಲಿಯಕ್ಕಿ. ಗುಬ್ಬಚ್ಚಿಗಿಂತ ಚಿಕ್ಕ ಗಾತ್ರದ, ಎಲೆಯ ಬಣ್ಣದ ಈ ಹಕ್ಕಿಗೆ ಕಣ್ಣಿನ ಮೇಲೊಂದು ತಿಳಿ ಹಳದಿ ಹುಬ್ಬು, ರೆಕ್ಕೆಯ ಮೇಲೆ ಕಂಡೂ ಕಾಣದಂಥ ಒಂದು ಗೆರೆ, ಇಷ್ಟೇ ಗುರುತು. ಎತ್ತರದ ಮರದ ನೆತ್ತಿಯಲ್ಲಿ ಎಲೆಯಿಂದ ಎಲೆಗೆ ಹಾರುತ್ತ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದರದೇ ಗುಂಪಿನ ಇತರ ಎಲೆ ಉಲಿಯಕ್ಕಿಗಳು ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಒಂದಿಡೀ ಚಳಿಗಾಲ ‘ಮರದ ಮೇಲಿನ ಸಣ್ಣ ಹಸಿರು ಹಕ್ಕಿ’ ಎಂದೇ ಬರೆಯುತ್ತ ಹೋದೆ. ಮರುವರ್ಷ, ಆ ಮರದ ಕಡೆಯಿಂದ ದಿನವಿಡೀ ಕೇಳಿಬರುತ್ತಿದ್ದ ‘ಚಿಸ್‌ವೀ’ ಎಂಬ ಎರಡು ಮಾತ್ರೆಯ ಚುರುಕಾದ ಕೂಗನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್‌ಗೆ ಕೇಳಿಸಿದೆ. ದನಿಯಿಂದ ಗುರುತಿಸುವ ಸೌಲಭ್ಯ ಆ ಆ್ಯಪ್‌ಗೆ ಬಂದದ್ದು 2021ರಲ್ಲಿ. ಅದು ಸೂಚಿಸಿದ ಹೆಸರನ್ನು ನಾನು ಅಲ್ಲಿಗೇ ಒಪ್ಪಿಕೊಳ್ಳಲಿಲ್ಲ. ಕೂಗು ಬಂದ ಕೂಡಲೇ ದುರ್ಬೀನು ಎತ್ತಿ, ಕೊಕ್ಕು ಆಡುವುದಕ್ಕೂ ದನಿಗೂ ತಾಳೆಯಾಗುತ್ತದೆಯೇ ಎಂದು ನಾಲ್ಕು ಬೆಳಿಗ್ಗೆ ನೋಡಿದೆ. ಕೊನೆಗೂ ಎಲೆಗಳ ಸಂದಿಯಲ್ಲಿ ಆ ಪುಟ್ಟ ಕೊಕ್ಕು ತೆರೆದದ್ದೂ ಕೂಗು ಕೇಳಿದ್ದೂ ಒಟ್ಟಿಗೇ ಆಯಿತು. ಆ್ಯಪ್ ಹೇಳಿದ್ದನ್ನು ಕಣ್ಣಿನಿಂದ ದೃಢಪಡಿಸಿಕೊಳ್ಳದೆ ಯಾರೂ ಪಟ್ಟಿಗೆ ಸೇರಿಸಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಾಜಾಣ ಮತ್ತು ಎಲೆಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಚೆನ್ನಾಗಿ ಅನುಕರಿಸುತ್ತವೆ. ಅಂಥ ಕಡೆ ಯಂತ್ರವೂ ಮನುಷ್ಯನೂ ಸಮಾನವಾಗಿ ಮೋಸಹೋಗುತ್ತಾರೆ. ಹಾಗೆಯೇ, ಮುದ್ರಿಸಿದ ದನಿಯನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವ ಪದ್ಧತಿಯನ್ನು ನಾನು ಅನುಸರಿಸುವುದಿಲ್ಲ. ಎದುರಾಳಿ ಬಂದಿದ್ದಾನೆಂದು ತಿಳಿದ ಗಂಡು ಹಕ್ಕಿ, ಮರಿಗಳ ಆರೈಕೆ ಬಿಟ್ಟು ಗಡಿ ಕಾಯಲು ನಿಲ್ಲುತ್ತದೆ.

ಮನೆಯ ಬಳಿಗೆ ಹಕ್ಕಿಗಳು ಬರಲು ನಾನು ಕಾಳು ಹಾಕುವುದಕ್ಕಿಂತ ನೀರಿಡುವುದನ್ನು ಮೇಲೆಂದು ಕಂಡುಕೊಂಡೆ, ಏಕೆಂದರೆ ಕಾಳು ತಿನ್ನದ ಹಕ್ಕಿಗೂ ನೀರು ಬೇಕು. ಅಗಲವಾದ ಮಣ್ಣಿನ ತಟ್ಟೆ, ಐದು ಸೆಂಟಿಮೀಟರಿಗಿಂತ ಆಳ ಬೇಡ, ನಡುವೆ ಒಂದು ಒರಟು ಕಲ್ಲು. ದಿನವೂ ತಿಕ್ಕಿ ತೊಳೆದು ನೀರು ಬದಲಿಸದಿದ್ದರೆ ಸೊಳ್ಳೆಯೂ ರೋಗವೂ ಬರುತ್ತವೆ. ಮೊದಲು ತಟ್ಟೆಯನ್ನು ಪೊದೆಗೆ ತಾಗಿಸಿ ಇಟ್ಟಿದ್ದೆ. ಬೆಕ್ಕು ಅದರೊಳಗೆ ಹೊಂಚು ಹಾಕಿ ಟುವ್ವಿ ಹಕ್ಕಿಯೊಂದನ್ನು ಹಿಡಿಯಿತು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಆ ಜೋಡಿಯನ್ನು ವಾರಗಟ್ಟಲೆ ನೋಡಿದ್ದ ನನಗೆ ಆ ದಿನ ಬಹಳ ಸಂಕಟವಾಯಿತು. ಈಗ ತಟ್ಟೆ ಬಯಲಿನಲ್ಲಿ ಎತ್ತರದ ಕಂಬದ ಮೇಲಿದೆ. ಕಿಟಕಿಯ ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಬಿಳಿ ಚುಕ್ಕೆಗಳನ್ನು ಅಂಟಿಸಿದ್ದೇನೆ; ಗಾಜಿನಲ್ಲಿ ಕಾಣುವ ಮರವನ್ನು ನಿಜವೆಂದುಕೊಂಡು ಬಂದು ಬಡಿಯುವುದು ಅದರಿಂದ ನಿಂತಿದೆ.

ಪ್ರತಿ ಬೆಳಿಗ್ಗೆ ಹದಿನೈದು ನಿಮಿಷ ಒಂದೇ ಜಾಗದಲ್ಲಿ ಕುಳಿತು, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ, ಕಾಗೆ ಪಾರಿವಾಳಗಳನ್ನೂ ಬಿಡದೆ, ಎಣಿಸಿ ಬರೆಯುತ್ತೇನೆ. ಹಕ್ಕಿ ನೋಡುವವರ ಪಟ್ಟಿಗಳನ್ನು ಒಟ್ಟುಗೂಡಿಸುವ, 2002ರಲ್ಲಿ ಆರಂಭವಾದ ಇಬರ್ಡ್ ಎಂಬ ಜಾಲತಾಣಕ್ಕೂ ಅದೇ ಪಟ್ಟಿಯನ್ನು ಕಳುಹಿಸುತ್ತೇನೆ. ಕಂಡದ್ದನ್ನೆಲ್ಲ ಬರೆದಿದ್ದರೆ ಮಾತ್ರ ಕಾಣದ್ದಕ್ಕೂ ಅರ್ಥ ಬರುತ್ತದೆ. ಅಪರೂಪದ್ದನ್ನಷ್ಟೇ ಬರೆಯುತ್ತಿದ್ದ ನನ್ನ ಮೊದಲ ವರ್ಷದ ಪುಸ್ತಕದಿಂದ ಆ ವರ್ಷ ಗುಬ್ಬಚ್ಚಿಗಳಿದ್ದವೋ ಇಲ್ಲವೋ ಎಂಬುದನ್ನೂ ತಿಳಿಯಲಾಗುವುದಿಲ್ಲ. ಈಚಿನ ಪುಸ್ತಕಗಳಲ್ಲಿ ಹಸುರು ಉಲಿಯಕ್ಕಿಯ ಸಾಲು ಸೆಪ್ಟೆಂಬರ್ ಕೊನೆಗೆ ಆರಂಭವಾಗಿ ಪ್ರತಿ ಚಳಿಗಾಲವೂ ಅದೇ ಮರದ ಹೆಸರಿನೊಂದಿಗೆ ಮುಂದುವರಿಯುತ್ತದೆ, ಏಕೆಂದರೆ ಹಿಮಾಲಯದ ಕಡೆಯಿಂದ ಬಂದ ಮೇಲೂ ಅದು ತನ್ನದೊಂದು ಜಾಗವನ್ನು ಹಿಡಿದು ಕೂಗಿ ಕಾಯುತ್ತದೆ. ಈ ವರ್ಷ ಏಪ್ರಿಲ್ 17ರ ಬೆಳಿಗ್ಗೆ ಮೂರು ಬಾರಿ ಕೂಗಿತು. 18ರಂದು ಹದಿನೈದು ನಿಮಿಷದ ಬದಲು ಒಂದು ಗಂಟೆ ಕುಳಿತೆ. ಪಿಕಳಾರ ನಾಲ್ಕು, ಸೂರಕ್ಕಿ ಎರಡು, ಕುಟ್ರುಹಕ್ಕಿಯ ದನಿ ಒಂದು, ಕಾಗೆ ಒಂಬತ್ತು ಎಂದು ಬರೆದು, ಉಲಿಯಕ್ಕಿಯ ಸಾಲಿನಲ್ಲಿ ಸೊನ್ನೆ ಹಾಕಿದೆ.