ಬಸಿದ ಕಟ್ಟು, ನುಂಗಿದ ಮಾತು

ಮೈಸೂರಿನ ಆಸ್ಪತ್ರೆಯೊಂದರ ಪಥ್ಯಾಹಾರ ವಿಭಾಗದ ಹೊಣೆ ನನಗೆ ಬಂದಾಗ, ಕಿರಿಯ ಡಯೆಟಿಷಿಯನ್ನರ ಪರವಾಗಿ ವೈದ್ಯರ ಎದುರು ನಿಂತು ಮಾತನಾಡುವುದೇ ಮುಂದಾಳತ್ವವೆಂದು ತಿಳಿದಿದ್ದೆ. ಬೆಳಗಿನ ರೌಂಡ್ಸ್‌ನಲ್ಲಿ ಪ್ರಶ್ನೆ ಯಾರಿಗೇ ಬಂದರೂ ಉತ್ತರ ನನ್ನ ಬಾಯಿಂದಲೇ ಹೊರಡುತ್ತಿತ್ತು. ಅವರು ಫೈಲು ಹಿಡಿದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಅವರನ್ನು ಕಾಪಾಡುತ್ತಿದ್ದೇನೆಂಬ ಸಮಾಧಾನ ನನಗಿತ್ತು.

ಆ ಸಮಾಧಾನವನ್ನು ಕೆಡಿಸಿದ್ದು ಬಸ್ಸಾರು. ಮಳವಳ್ಳಿ ಕಡೆಯಿಂದ ಡಯಾಲಿಸಿಸ್‌ಗೆ ಬರುತ್ತಿದ್ದ ರೋಗಿಯೊಬ್ಬರ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತಲೇ ಇರಲಿಲ್ಲ. ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ, ಸೊಪ್ಪು ತರಕಾರಿಗಳನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಬಸಿದು ತಿನ್ನಬೇಕೆಂದು ನಾನು ಬರೆದು ಅಚ್ಚು ಹಾಕಿಸಿದ್ದ ಹಾಳೆಯನ್ನು ಎಲ್ಲರಿಗೂ ಕೊಡುತ್ತಿದ್ದೆವು. ಆ ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು: ಸೊಪ್ಪು, ಕಾಳು ಬೇಯಿಸಿ, ಬಸಿದು, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಕಾಯಿಸಿ ಮುದ್ದೆಗೆ ಬಡಿಸುತ್ತಿದ್ದರು. ಸೊಪ್ಪಿನಿಂದ ನೀರಿಗೆ ಇಳಿದ ಪೊಟ್ಯಾಸಿಯಂ ಹೀಗೆ ತಟ್ಟೆಗೇ ಮರಳುತ್ತಿತ್ತು. ಮನೆಯಲ್ಲಿ ನಾನೂ ಬಸ್ಸಾರು ಉಣ್ಣುವವಳೇ. ಆದರೆ ಹಾಳೆ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಪಠ್ಯಪುಸ್ತಕ ಮಾತ್ರ.

ಇದನ್ನು ಗುರುತಿಸಿದವರು ಪಾಂಡವಪುರ ಕಡೆಯ ಕಿರಿಯ ಸಹೋದ್ಯೋಗಿ. ಗುರುತಿಸಿ ತಿಂಗಳುಗಳೇ ಆಗಿದ್ದವು ಎಂಬುದು ನನಗೆ ಹೆಚ್ಚು ನೋವು ತಂದಿತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಆಕೆ, "ಹಾಳೆ ನೀವು ಬರೆದದ್ದಲ್ಲವೇ, ಮೇಡಂ" ಎಂದರು.

ಹಾಳೆಯನ್ನು ತಿದ್ದುವ ಕೆಲಸವನ್ನು ಆಕೆಗೇ ಕೊಟ್ಟೆ. "ಬಸಿದ ನೀರನ್ನು ಚೆಲ್ಲಿ, ಅದರಿಂದ ಸಾರು ಮಾಡಬೇಡಿ" ಎಂಬ ಸಾಲು ಅಂದು ಸೇರಿತು, ಕೆಳಗೆ ಆಕೆಯ ಹೆಸರೂ ಸೇರಿತು. ಅನಂತರ ರೌಂಡ್ಸ್‌ನ ಕ್ರಮವನ್ನು ಬದಲಿಸಿದೆ. ಎಂ.ಎಸ್ಸಿ., ಇಂಟರ್ನ್‌ಶಿಪ್, ನೋಂದಾಯಿತ ಡಯೆಟಿಷಿಯನ್ ಆಗಲು ಬರೆಯುವ ಆರ್‌ಡಿ ಪರೀಕ್ಷೆ ಇವೆಲ್ಲ ಲೆಕ್ಕ ಹಾಕುವುದನ್ನು ಚೆನ್ನಾಗಿ ಕಲಿಸುತ್ತವೆ. ಆ ಲೆಕ್ಕವನ್ನು ಅವಸರದಲ್ಲಿರುವ ತಜ್ಞರೆದುರು ಅರ್ಧ ನಿಮಿಷದಲ್ಲಿ ಹೇಳುವುದನ್ನು ಯಾರೂ ಕಲಿಸುವುದಿಲ್ಲ. ಆದ್ದರಿಂದ ನೋಡಿದ್ದೇನು, ಅಂಕಿ ಏನು, ಕೇಳುತ್ತಿರುವುದೇನು ಎಂಬ ಮೂರನ್ನೇ ಹೇಳುವ ಅಭ್ಯಾಸವನ್ನು ರೌಂಡ್ಸ್‌ಗೆ ಮುಂಚೆ ನಮ್ಮ ಕೋಣೆಯಲ್ಲಿ ದಿನವೂ ಮಾಡಿಸಿದೆ. ಅಡುಗೆಮನೆಯ ಭಟ್ಟರ ಜೊತೆಗಿನ ಮಾತುಕತೆಯನ್ನೂ ಅವರಿಗೇ ಒಪ್ಪಿಸಿದೆ. ಅಲ್ಲಿ ನನ್ನ ನೆರವೇ ಬೇಕಾಗಲಿಲ್ಲ.

ಐಸಿಯು ಮಾತ್ರ ಕಷ್ಟದ್ದಾಗಿತ್ತು. 60 ಕೆ.ಜಿ. ತೂಕದ ರೋಗಿಗೆ ಕೆ.ಜಿ.ಗೆ 25ರಂತೆ ದಿನಕ್ಕೆ 1,500 ಕಿಲೋಕ್ಯಾಲರಿ ಬೇಕೆಂದು, 1 ಮಿ.ಲೀ.ಗೆ 1 ಕಿಲೋಕ್ಯಾಲರಿ ಇರುವ ನಳಿಕೆ ಆಹಾರವನ್ನು ಗಂಟೆಗೆ ಸುಮಾರು 62 ಮಿ.ಲೀ.ಯಂತೆ ಬರೆದಿದ್ದೆವೆನ್ನಿ. ಸ್ಕ್ಯಾನಿಂಗ್‌ಗೋ ಬೇರೊಂದು ಚಿಕಿತ್ಸೆಗೋ ಅದನ್ನು ಆರು ಗಂಟೆ ನಿಲ್ಲಿಸಿ, ಮತ್ತೆ ಅದೇ ವೇಗದಲ್ಲಿ ಆರಂಭಿಸಿದರೆ 375 ಕಿಲೋಕ್ಯಾಲರಿ ಸುಮ್ಮನೆ ಕಳೆದುಹೋಗುತ್ತದೆ, ಕೇಸ್ ಶೀಟಿನಲ್ಲಿ ಮಾತ್ರ 1,500 ಎಂದೇ ಉಳಿಯುತ್ತದೆ. ಸಿಸ್ಟರ್‌ಗಳ ಚಾರ್ಟಿನಿಂದ ಇದನ್ನು ಹೆಕ್ಕಿದವರೂ ಆಕೆಯೇ. ಗಂಟೆಯ ವೇಗದ ಬದಲು ದಿನದ ಒಟ್ಟು ಪ್ರಮಾಣವನ್ನು ಬರೆಯಿರಿ, ಉಳಿದ 18 ಗಂಟೆಗೆ 83 ಮಿ.ಲೀ.ಯಂತೆ ಕೊಡೋಣ ಎಂದು ಆಕೆ ಕೇಳಿದಾಗ, ಹಿರಿಯ ವೈದ್ಯರು ಆಕೆಯ ತಲೆಯ ಮೇಲಿಂದ ನನ್ನತ್ತ ನೋಡಿದರು. ನಾನು ಕೇಸ್ ಶೀಟನ್ನು ಓದುತ್ತಿರುವಂತೆ ತಲೆ ತಗ್ಗಿಸಿದೆ. ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ಪಟ್ಟ ಕಷ್ಟ ನನಗೇ ಗೊತ್ತು! ಆಹಾರ ಶ್ವಾಸನಾಳಕ್ಕೆ ಹೋದರೆ ಏನು ಗತಿ ಎಂದು ಅವರು ಕೇಳಿದರು. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಏರಿಸಿಡುತ್ತೇವೆ, ವಾಂತಿಯೋ ಹೊಟ್ಟೆಯುಬ್ಬರವೋ ಕಂಡರೆ ಹಳೆಯ ವೇಗಕ್ಕೆ ಇಳಿಯುತ್ತೇವೆ ಎಂದು ಆಕೆ ಉತ್ತರಿಸಿದರು. ಎರಡು ಹಾಸಿಗೆಗಳಲ್ಲಿ ಮಾಡಿ ನೋಡಲು ಒಪ್ಪಿಗೆ ಸಿಕ್ಕಿತು.

ಈಗ ನಮ್ಮಿಬ್ಬರ ನಡುವೆ ರಾಗಿಯ ರಂಜಕದ (ಫಾಸ್ಫರಸ್) ತಕರಾರು ನಡೆದಿದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂನಂತೆ ಇದೂ ಸೇರಿಕೊಳ್ಳುತ್ತದೆ. ಪಾಲಿಷ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ರಂಜಕ ಹೆಚ್ಚು, ಡಯಾಲಿಸಿಸ್ ರೋಗಿಗಳಿಗೆ ಮುದ್ದೆ ಕಡಿಮೆ ಮಾಡಿಸಬೇಕು ಎಂಬುದು ಆಕೆಯ ವಾದ. ಅದರ ಬಹುಪಾಲು ಧಾನ್ಯದಲ್ಲೇ ಬಿಗಿದುಕೊಂಡಿರುವ ಫೈಟೇಟ್ ಎಂಬ ರೂಪದಲ್ಲಿದ್ದು ದೇಹಕ್ಕೆ ಪೂರ್ತಿ ಹಿಡಿಯುವುದಿಲ್ಲ, ಮುದ್ದೆ ಬಿಡಿಸಿದರೆ ಇಲ್ಲಿಯವರು ಊಟವನ್ನೇ ಬಿಟ್ಟಾರು ಎಂಬುದು ನನ್ನದು. ಹಾಳೆಯ ಹೊಸ ಕರಡಿನಲ್ಲಿ ದಿನಕ್ಕೆ ಎಷ್ಟು ಮುದ್ದೆ ಎಂಬ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.