ಥೈರಾಯ್ಡ್ ಪರೀಕ್ಷೆಗೆ ಹೊರಟಿದ್ದೀರಾ? ಮೊದಲು ಚೀಟಿ ನೋಡಿ

ಮಲ್ಲೇಶ್ವರವಿರಲಿ, ಜಯನಗರವಿರಲಿ, ನಾಲ್ಕು ಹೆಜ್ಜೆಗೊಂದು ಲ್ಯಾಬ್ ಸಿಗುತ್ತದೆ. ಬಾಗಿಲಲ್ಲೇ ಪ್ಯಾಕೇಜಿನ ಬೋರ್ಡು. ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು ಅಂತ ಅನುಮಾನ ಬಂದವರು ಸೀದಾ ಅಲ್ಲಿಗೆ ಹೋಗಿ ಅರವತ್ತು ಪರೀಕ್ಷೆಗೆ ದುಡ್ಡು ಕಟ್ಟುತ್ತಾರೆ. ಅಷ್ಟೆಲ್ಲ ಬೇಕಿಲ್ಲ.

ಮೊದಲು ವೈದ್ಯರಿಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಮನೆ ಹತ್ತಿರದ ಡಾಕ್ಟರು ಸಾಕು. ಕೆ.ಸಿ. ಜನರಲ್, ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗೂ ಹೋಗಬಹುದು. ಚೀಟಿಯಲ್ಲಿ ಮುಖ್ಯವಾಗಿ ಇರಬೇಕಾದದ್ದು ಟಿಎಸ್‌ಎಚ್. ಇದೊಂದು ಹಾರ್ಮೋನು, ಆದರೆ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಥೈರಾಯ್ಡ್ ಮೈಗಳ್ಳತನ ಮಾಡಿದರೆ ತಾಕೀತು ಜೋರಾಗುತ್ತದೆ. ಅಂದರೆ ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಅಂತ. ಈ ತಿರುಗುಮುರುಗಿನಲ್ಲಿ ಎಡವದವರೇ ಕಡಿಮೆ! ದೊಡ್ಡವರಲ್ಲಿ ಸುಮಾರು 0.4ರಿಂದ 4 ಅಥವಾ 4.5ರವರೆಗೆ ಸರಿ ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿರುತ್ತದೆ, ವರದಿಯಲ್ಲೇ ಅಚ್ಚಾಗಿರುತ್ತದೆ.

ಟಿ3, ಟಿ4 ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನುಗಳು. ಚೀಟಿಯಲ್ಲಿ ಜೊತೆಗೆ ಟಿ4 ಬರೆದಿದ್ದರೆ ಅದು 'ಫ್ರೀ ಟಿ4', ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಭಾಗ, ಹೌದೋ ಅಲ್ಲವೋ ಕೇಳಿ. ಲ್ಯಾಬಿನವರು 'ಥೈರಾಯ್ಡ್ ಪ್ರೊಫೈಲ್' ಎಂದು ಮಾಡುವುದರಲ್ಲಿ ಸಾಮಾನ್ಯವಾಗಿ ಟೋಟಲ್ ಟಿ3, ಟೋಟಲ್ ಟಿ4 ಇರುತ್ತವೆ, ಅಂದರೆ ಅಂಟಿದ್ದೂ ಬಿಡಿಯದ್ದೂ ಸೇರಿದ ಲೆಕ್ಕ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಟೋಟಲ್ ಲೆಕ್ಕ ಸುಮ್ನೆ ಮೇಲೇರುತ್ತದೆ. ಟಿಎಸ್‌ಎಚ್ ಹೆಚ್ಚು ಬಂದರೆ ಆ್ಯಂಟಿ ಟಿಪಿಒ ಎಂಬ ಪ್ರತಿಕಾಯದ (ಆ್ಯಂಟಿಬಾಡಿ) ಪರೀಕ್ಷೆ ಮಾಡಿಸುತ್ತಾರೆ. ನಮ್ಮ ದೇಹವೇ ಥೈರಾಯ್ಡಿನ ಮೇಲೆ ಏರಿ ಹೋಗುವ ಹಾಶಿಮೋಟೊ ಕಾಯಿಲೆಯ ಸುಳಿವು ಅದರಲ್ಲಿ ಸಿಗುತ್ತದೆ. ಒಮ್ಮೆ ಪಾಸಿಟಿವ್ ಬಂದರೆ ಮುಗಿಯಿತು, ವರ್ಷವರ್ಷ ಮಾಡಿಸಬೇಕಿಲ್ಲ. ಟಿ3 ಹೆಚ್ಚಾಗಿ ಬೇಕಾಗುವುದು ಟಿಎಸ್‌ಎಚ್ ತೀರಾ ಕೆಳಗಿದ್ದಾಗ.

ಇನ್ನು ಬೆಂಗಳೂರಿನವರ ಮೊದಲ ಪ್ರಶ್ನೆ: ಕಾಫಿ ಕುಡಿದು ಹೋಗಬಹುದಾ? ಥೈರಾಯ್ಡ್ ಒಂದಕ್ಕೇ ಆದರೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಇದ್ದರೆ ಲೋಟ ಪಕ್ಕಕ್ಕಿಡಿ. ಹೊತ್ತು ಮಾತ್ರ ಮುಖ್ಯ. ಟಿಎಸ್‌ಎಚ್ ರಾತ್ರಿ, ನಸುಕಿನಲ್ಲಿ ಹೆಚ್ಚಿರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಒಮ್ಮೆ ಬೆಳಿಗ್ಗೆ 8ಕ್ಕೆ, ಇನ್ನೊಮ್ಮೆ ಮಧ್ಯಾಹ್ನ 3ಕ್ಕೆ ಕೊಟ್ಟರೆ ಹೋಲಿಸುವುದು ಹೇಗೆ? ಪ್ರತಿ ಸಲವೂ ಬೆಳಿಗ್ಗೆಯೇ ಕೊಡಿ, ಆದಷ್ಟೂ ಅದೇ ಲ್ಯಾಬಿಗೆ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ರಕ್ತ ಕೊಟ್ಟು ಆಮೇಲೆ ಮಾತ್ರೆ ನುಂಗಿ. ನಮ್ಮ ಚಿಕ್ಕಮ್ಮ ಎದ್ದ ಕೂಡಲೇ ಮಾತ್ರೆ ನುಂಗಿ ರಕ್ತ ಕೊಟ್ಟುಬಂದರು. ಫ್ರೀ ಟಿ4 ಮೇಲೆ ಬಂತು. ಡೋಸ್ ಇಳಿಸಬೇಕೇನೋ ಎಂದು ಒಂದು ವಾರ ಮನೆಯಲ್ಲಿ ಚರ್ಚೆ! ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಅದು ಏರಿರುವುದು ಸಹಜ.

ಯಾರೂ ಕೇಳದ ಇನ್ನೊಂದು ವಿಷಯ ಬಯೋಟಿನ್ ಎಂಬ ವಿಟಮಿನ್. ಕೂದಲಿಗೆ, ಉಗುರಿಗೆ ಅಂತ ನುಂಗುವ ಮಾತ್ರೆಗಳಲ್ಲಿ ಇದು ಇರುತ್ತದೆ. ಕೆಲವು ಯಂತ್ರಗಳ ಲೆಕ್ಕವನ್ನೇ ಇದು ಕೆಡಿಸುತ್ತದೆ. ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿ, ಥೈರಾಯ್ಡ್ ಅತಿಯಾಗಿದೆ ಎನ್ನಿಸಿಬಿಡುತ್ತದೆ. ಕೂದಲು ಉದುರುತ್ತದೆ ಅಂತ ತಗೊಂಡ ಮಾತ್ರೆ, ಕೂದಲು ಉದುರುವ ಕಾರಣವನ್ನೇ ಮರೆಮಾಚುವುದು ತಮಾಷೆಯಲ್ವಾ? ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ಡೋಸ್ ಜಾಸ್ತಿ ಇದ್ದರೆ ಇನ್ನೂ ಮುಂಚೆ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಜೋರು ಜ್ವರವಿದ್ದರೆ ಪರೀಕ್ಷೆಯನ್ನೇ ಮುಂದೂಡಿ, ಕಾಯಿಲೆಯಲ್ಲೂ ಈ ಅಂಕಿಗಳು ಅಲುಗಾಡುತ್ತವೆ.

ವರದಿಯಲ್ಲಿ ಟಿಎಸ್‌ಎಚ್ 5 ಅಥವಾ 6 ಬಂತು ಅಂತ ಅಂದೇ ಮೆಡಿಕಲ್ ಶಾಪಿಗೆ ಓಡಬೇಡಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುವುದು ರೂಢಿ. ಬಸುರಿಯರಿಗೆ ಮಾತ್ರ ಇದು ಅನ್ವಯಿಸದು, ಅವರ ಮಿತಿಗಳೇ ಬೇರೆ, ತಡಮಾಡದೆ ತೋರಿಸಬೇಕು. ಡೋಸ್ ಬದಲಾದರೆ 6ರಿಂದ 8 ವಾರದ ನಂತರವೇ ಮತ್ತೆ ಟಿಎಸ್‌ಎಚ್ ಮಾಡಿಸಿ, ಅದಕ್ಕಿಂತ ಮೊದಲು ಅದು ಒಂದು ಹದಕ್ಕೆ ಬಂದಿರುವುದಿಲ್ಲ.

ವರದಿಯ ಮೂಲೆಯಲ್ಲಿ ರಕ್ತ ಕೊಟ್ಟ ಹೊತ್ತು, ನುಂಗುತ್ತಿರುವ ಮಾತ್ರೆ ಎಷ್ಟು ಮೈಕ್ರೋಗ್ರಾಂ ಎಂದು ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಅದನ್ನೇ.